ಮಂಡಿ ಬದಲಿಸಿಕೊಂಡವರು ಹಲ್ಲು ಕೀಳಿಸುವ ಮುನ್ನ ಆ್ಯಂಟಿಬಯೋಟಿಕ್ ತಗೋಬೇಕಾ? ಮೆಡಿಕಲ್ ಶಾಪ್‌ಗೆ ಹೋಗುವ ಮುನ್ನ ಇದನ್ನು ಓದಿ

ಹಾವೇರಿ: ‘ಅವ್ವಗ ಮಂಡಿ ಆಪರೇಷನ್ ಆಗೇತ್ರಿ, ನಾಳೆ ಹಲ್ಲು ಕೀಳಸ್ಬೇಕು, ಅದಕ್ಕ ಮೊದ್ಲ ತಗೊಳ್ಳೋ ಪವರ್ ಗುಳಿಗಿ ಕೊಡ್ರಿ.’ ಮೆಡಿಕಲ್ ಶಾಪ್ ಕೌಂಟರ್‌ಗೆ ಇಂಥ ಮಾತು ಹೊಸದಲ್ಲ. ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರಿಗೆ ಹೋಗಿ ಮಂಡಿ ಚಿಪ್ಪು ಅಥವಾ ಸೊಂಟದ ಕೀಲು ಬದಲಿಸಿಕೊಂಡು ಬಂದವರು ಈಗ ಹಳ್ಳಿ ಹಳ್ಳಿಯಲ್ಲೂ ಸಿಗುತ್ತಾರೆ. ಹೆಚ್ಚಿನವರಿಗೆ 60 ದಾಟಿರುತ್ತದೆ. ಅದೇ ವಯಸ್ಸಿಗೆ ಹಲ್ಲು ಅಲುಗಾಡುವುದು, ವಸಡು ಊದುವುದು, ಹಲ್ಲಿನ ಸೆಟ್ ಕಟ್ಟಿಸುವುದು ಎಲ್ಲವೂ ಶುರುವಾಗುತ್ತದೆ.

ಆಗ ಮನೆಯಲ್ಲಿ ಹುಟ್ಟುವ ಭಯ ಒಂದೇ. ಹಲ್ಲು ಕಿತ್ತ ಜಾಗದಿಂದ ರೋಗಾಣು ರಕ್ತಕ್ಕೆ ಸೇರಿ, ಲಕ್ಷಾಂತರ ರೂಪಾಯಿ ಸುರಿದು ಹಾಕಿಸಿದ ಮಂಡಿಗೆ ನಂಜು ಹತ್ತಿದರೆ ಏನು ಗತಿ? ಅದಕ್ಕೇ ಮುಂಚಿತವಾಗಿ ಒಂದು ಆ್ಯಂಟಿಬಯೋಟಿಕ್ ನುಂಗಿಬಿಡೋಣ ಅನ್ನುವ ಲೆಕ್ಕ. ಹಿಂದೆ ಎಷ್ಟೋ ಡಾಕ್ಟರುಗಳೂ ಇದನ್ನೇ ಬರೆದುಕೊಡುತ್ತಿದ್ದರು. ಆ ಹಳೇ ಚೀಟಿಗಳು ಇನ್ನೂ ಎಷ್ಟೋ ಮನೆಗಳ ಫೈಲಿನಲ್ಲಿವೆ.

ಈಗಿನ ವೈದ್ಯಕೀಯ ಸಲಹೆ ಬೇರೆಯೇ ಇದೆ. ಕೃತಕ ಕೀಲು ಇರುವ ಹೆಚ್ಚಿನವರಿಗೆ ಹಲ್ಲಿನ ಚಿಕಿತ್ಸೆಗೆ ಮೊದಲು ಆ್ಯಂಟಿಬಯೋಟಿಕ್ ಬೇಡ. ಕೆಲವರಿಗೆ ಮಾತ್ರ ಬೇಕಾಗಬಹುದು, ಅದನ್ನು ಡಾಕ್ಟರೇ ನಿರ್ಧರಿಸಬೇಕು. ಯಾಕೆ ಹೀಗೆ, ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವ ವಿವರ ಇಲ್ಲಿದೆ.

ಭಯ ಹುಟ್ಟಿದ್ದು ಎಲ್ಲಿಂದ?

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಕೃತಕ ಮಂಡಿ ಅಂದರೆ ಲೋಹ ಮತ್ತು ಗಟ್ಟಿ ಪ್ಲಾಸ್ಟಿಕ್. ಮೂಳೆಗೆ ರಕ್ತ ಹರಿಯುತ್ತದೆ, ಲೋಹಕ್ಕೆ ಹರಿಯುವುದಿಲ್ಲ. ಹಾಗಾಗಿ ಅದರ ಮೇಲೆ ರೋಗಾಣು ಕೂತರೆ ದೇಹದ ರಕ್ಷಣಾ ಕಣಗಳಿಗೂ ಔಷಧಕ್ಕೂ ಅಲ್ಲಿಗೆ ತಲುಪುವುದು ಕಷ್ಟ. ಕೆರೆಯ ಕಲ್ಲಿನ ಮೇಲೆ ಪಾಚಿ ಕಟ್ಟಿದ ಹಾಗೆ ರೋಗಾಣುಗಳು ಲೋಹದ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಅದರೊಳಗೆ ಕೂರುತ್ತವೆ. ಆಮೇಲೆ ಬರೀ ಮಾತ್ರೆ ನುಂಗಿದರೆ ಹೋಗುವುದಿಲ್ಲ.

ಸೋಂಕು ಬೇಗ ಗೊತ್ತಾದರೆ ಕೀಲು ತೆರೆದು ತೊಳೆದು, ಒಳಗಿನ ಪ್ಲಾಸ್ಟಿಕ್ ಭಾಗ ಬದಲಿಸಿ ಉಳಿಸಿಕೊಳ್ಳುವ ಪ್ರಯತ್ನ ಮಾಡುತ್ತಾರೆ. ತಡವಾದರೆ ಹಾಕಿದ ಕೀಲನ್ನೇ ತೆಗೆದು, ಆ ಜಾಗದಲ್ಲಿ ಔಷಧ ಬೆರೆಸಿದ ಸಿಮೆಂಟಿನ ತುಂಡು ಇಟ್ಟು, ವಾರಗಟ್ಟಲೆ ಆ್ಯಂಟಿಬಯೋಟಿಕ್ ಕೊಟ್ಟು, ಸೋಂಕು ಹೋದ ಮೇಲೆ ಮತ್ತೊಮ್ಮೆ ಆಪರೇಷನ್ ಮಾಡಿ ಹೊಸ ಕೀಲು ಕೂರಿಸಬೇಕಾಗುತ್ತದೆ. ಖರ್ಚೂ ಕಡಿಮೆಯಲ್ಲ. ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಂಡಿ ಸಾಮಗ್ರಿಗೆ ಗರಿಷ್ಠ ಬೆಲೆ ನಿಗದಿ ಮಾಡಿದಾಗ, ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಜಿಎಸ್‌ಟಿ ಬಿಟ್ಟು 54,720 ರೂಪಾಯಿ ಇಟ್ಟಿತ್ತು. ಎರಡನೇ ಸಲದ ಆಪರೇಷನ್‌ಗೆ ಬೇಕಾದ ಸಾಮಗ್ರಿಗೆ ಇಟ್ಟಿದ್ದು 1,13,950 ರೂಪಾಯಿ. ಇದು ಸಾಮಗ್ರಿ ಬೆಲೆ ಮಾತ್ರ, ಆಸ್ಪತ್ರೆ ಬಿಲ್ ಬೇರೆ.

ಹಾಗಾಗಿ ‘ಒಂದು ಗುಳಿಗಿಯಿಂದ ಇದು ತಪ್ಪುತ್ತೆ ಅಂದ್ರೆ ಯಾಕೆ ತಗೋಬಾರದು’ ಅಂತ ಯಾರಿಗಾದರೂ ಅನಿಸುವುದು ಸಹಜ. ಆದರೆ ಆ ಗುಳಿಗೆಯಿಂದ ಇದು ನಿಜಕ್ಕೂ ತಪ್ಪುತ್ತದಾ ಅನ್ನುವುದೇ ಪ್ರಶ್ನೆ.

ರೋಗಾಣು ರಕ್ತಕ್ಕೆ ಸೇರೋದು ಹಲ್ಲು ಕಿತ್ತಾಗ ಮಾತ್ರ ಅಲ್ಲ

ಹಲ್ಲು ಕೀಳುವಾಗ ಬಾಯಿಯ ರೋಗಾಣು ಸ್ವಲ್ಪ ಹೊತ್ತು ರಕ್ತಕ್ಕೆ ಸೇರುವುದು ನಿಜ. ಆದರೆ ದಿನಾ ಬೆಳಿಗ್ಗೆ ಹಲ್ಲುಜ್ಜುವಾಗಲೂ, ರೊಟ್ಟಿ ಅಗಿಯುವಾಗಲೂ, ಊಟ ಆದಮೇಲೆ ಕಡ್ಡಿಯಿಂದ ಹಲ್ಲು ಚುಚ್ಚಿಕೊಳ್ಳುವಾಗಲೂ ಇದೇ ಆಗುತ್ತದೆ.

ಅಮೆರಿಕದ ಹಾರ್ಟ್ ಅಸೋಸಿಯೇಷನ್ 2007ರಲ್ಲಿ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ ಕೊಟ್ಟ ಲೆಕ್ಕ ಹೀಗಿದೆ. ಹಲ್ಲು ಕೀಳಿಸಿದವರಲ್ಲಿ ಶೇ 10ರಿಂದ 100ರಷ್ಟು ಮಂದಿಯ ರಕ್ತದಲ್ಲಿ ರೋಗಾಣು ಕಂಡುಬಂದಿದೆ. ಬ್ರಷ್ ಮಾಡಿ ಹಲ್ಲಿನ ಸಂದಿಗೆ ದಾರ ಹಾಕಿ ತೆಗೆದವರಲ್ಲಿ ಶೇ 20ರಿಂದ 68. ಕಡ್ಡಿಯಿಂದ ಹಲ್ಲು ಚುಚ್ಚಿಕೊಂಡವರಲ್ಲಿ ಶೇ 20ರಿಂದ 40. ಬರೀ ಊಟ ಅಗಿದವರಲ್ಲೂ ಶೇ 7ರಿಂದ 51.

ಹಲ್ಲು ಕೀಳಿಸೋದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಹಲ್ಲುಜ್ಜೋದು, ಊಟ ಮಾಡೋದು ದಿನಾ. ವರ್ಷದ ಲೆಕ್ಕ ಹಾಕಿದರೆ ಡೆಂಟಲ್ ಕ್ಲಿನಿಕ್‌ನ ಆ ಅರ್ಧ ಗಂಟೆಗಿಂತ ಮನೆಯಲ್ಲಿ ನಡೆಯುವುದೇ ಎಷ್ಟೋ ಪಾಲು ಹೆಚ್ಚು. ದಿನಾ ಊಟಕ್ಕೆ ಮೊದಲು ಆ್ಯಂಟಿಬಯೋಟಿಕ್ ತಗೊಳ್ಳೋಕೆ ಆಗಲ್ಲ. ಈ ರೋಗಾಣುಗಳನ್ನು ದೇಹ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಹೊಡೆದುಹಾಕುತ್ತದೆ.

ಇನ್ನೊಂದು ಮಾತು. ಕೃತಕ ಕೀಲಿಗೆ ತಗಲುವ ಸೋಂಕಿನಲ್ಲಿ ಹೆಚ್ಚಾಗಿ ಸಿಗುವುದು ಚರ್ಮದ ಮೇಲೆ ವಾಸಿಸುವ ಸ್ಟ್ಯಾಫಿಲೋಕಾಕಸ್ ಜಾತಿಯ ರೋಗಾಣು. ಬಾಯಿಯ ರೋಗಾಣುಗಳ ಪಾಲು ಸಣ್ಣದು.

ಅಧ್ಯಯನ ಏನು ಹೇಳುತ್ತದೆ?

ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 2001ರಿಂದ 2006ರವರೆಗೆ ಕೃತಕ ಮಂಡಿ ಅಥವಾ ಸೊಂಟದ ಕೀಲಿಗೆ ಸೋಂಕು ಆಗಿದ್ದ 339 ಜನರನ್ನು, ಅದೇ ಥರ ಕೀಲು ಇದ್ದರೂ ಸೋಂಕು ಆಗದ 339 ಜನರ ಜೊತೆ ಹೋಲಿಸಿ ನೋಡಿದರು. ಹಲ್ಲಿನ ಚಿಕಿತ್ಸೆ ಮಾಡಿಸಿಕೊಂಡವರಿಗೆ ಸೋಂಕು ಹೆಚ್ಚಾಗಿರಲಿಲ್ಲ. ಮೊದಲೇ ಆ್ಯಂಟಿಬಯೋಟಿಕ್ ತಗೊಂಡವರಿಗೆ ಸೋಂಕು ಕಡಿಮೆಯೂ ಆಗಿರಲಿಲ್ಲ. 2010ರಲ್ಲಿ ಇದು ಪ್ರಕಟವಾಯಿತು.

ಇಂಗ್ಲೆಂಡ್‌ನ ಲೆಕ್ಕ ಇನ್ನೂ ದೊಡ್ಡದು. ಅಲ್ಲಿ ಕೃತಕ ಕೀಲು ಇರುವವರಿಗೆ ಹಲ್ಲಿನ ಚಿಕಿತ್ಸೆಗೆ ಮೊದಲು ಆ್ಯಂಟಿಬಯೋಟಿಕ್ ಕೊಡುವ ಪದ್ಧತಿ ಇಲ್ಲ. ಹಾಗಾದರೆ ಹಲ್ಲು ಕೀಳಿಸಿದ ಮುಂದಿನ ತಿಂಗಳುಗಳಲ್ಲಿ ಕೀಲಿನ ಸೋಂಕು ಏರಬೇಕಿತ್ತಲ್ಲ? ಕೀಲಿನ ಸೋಂಕಿನಿಂದ ಆಸ್ಪತ್ರೆ ಸೇರಿದ 9,427 ಜನರ ದಾಖಲೆ ತೆಗೆದು, ಅವರು ಅದಕ್ಕೂ ಮುಂಚೆ ಹಲ್ಲಿನ ಚಿಕಿತ್ಸೆ ಮಾಡಿಸಿದ್ದರಾ ಅಂತ ನೋಡಲಾಯಿತು. ಚಿಕಿತ್ಸೆಗೂ ಸೋಂಕಿಗೂ ನಂಟು ಕಾಣಲಿಲ್ಲ. 2022ರಲ್ಲಿ ಈ ವರದಿ ಬಂತು.

ಸಲಹೆ ಬದಲಾದ ದಾರಿ

ಒಬ್ಬ ಡಾಕ್ಟರು ಬೇಕು ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ ಅನ್ನುವ ಗೊಂದಲಕ್ಕೆ ಒಂದು ಕಾರಣ ಇದೆ. ಹಲವು ದೇಶಗಳ ವೈದ್ಯರು ನೋಡುವ ಅಮೆರಿಕದ ಸಲಹೆಯೇ ಮೂರ್ನಾಲ್ಕು ಸಲ ಬದಲಾಗಿದೆ.

* 1997: ಅಲ್ಲಿನ ದಂತ ವೈದ್ಯರ ಸಂಘ ಮತ್ತು ಮೂಳೆ ತಜ್ಞರ ಅಕಾಡೆಮಿ ಸೇರಿ ಹೇಳಿದ್ದು, ಎಲ್ಲರಿಗೂ ಬೇಡ, ಆಪರೇಷನ್ ಆಗಿ ಎರಡು ವರ್ಷದ ಒಳಗಿನವರು, ರೋಗನಿರೋಧಕ ಶಕ್ತಿ ಕುಂದಿದವರಂಥ ಕೆಲವರಿಗೆ ಕೊಡುವ ಬಗ್ಗೆ ಯೋಚಿಸಿ.
* 2009: ಮೂಳೆ ತಜ್ಞರ ಅಕಾಡೆಮಿ ಒಂದು ಹೆಜ್ಜೆ ಮುಂದೆ ಹೋಗಿ, ಕೃತಕ ಕೀಲು ಇರುವ ಎಲ್ಲರಿಗೂ ಕೊಡುವುದನ್ನು ಪರಿಗಣಿಸಿ ಅಂದಿತು.
* 2012: ಎರಡೂ ಸಂಸ್ಥೆಗಳು ಸೇರಿ ಅಧ್ಯಯನಗಳನ್ನು ಮತ್ತೆ ಜಾಲಾಡಿ, ಎಲ್ಲರಿಗೂ ಕೊಡುವ ರೂಢಿಯನ್ನು ಬಿಡುವ ಬಗ್ಗೆ ಯೋಚಿಸಿ ಎಂದವು.
* 2015: ದಂತ ವೈದ್ಯರ ಸಂಘ ಇನ್ನೂ ನೇರವಾಗಿ, ಸಾಮಾನ್ಯವಾಗಿ ಇದನ್ನು ಶಿಫಾರಸು ಮಾಡುವುದಿಲ್ಲ ಎಂದಿತು.

2009ರ ಸುಮಾರಿಗೆ ಆಪರೇಷನ್ ಮಾಡಿಸಿಕೊಂಡವರಿಗೆ ‘ಜೀವನಪೂರ್ತಿ ತಗೋಬೇಕು’ ಅಂತ ಹೇಳಿದ್ದರೆ ಅದು ಆ ಕಾಲದ ಸಲಹೆ. ಆ ಡಾಕ್ಟರು ತಪ್ಪು ಮಾಡಿದರು ಅಂತ ಅರ್ಥ ಅಲ್ಲ. ಆದರೆ ಆ ಚೀಟಿಯನ್ನೇ ಇವತ್ತೂ ಹಿಡಿದುಕೊಂಡು ಓಡಾಡೋದು ಬೇಡ.

ಹಾಗಾದ್ರೆ ಯಾರಿಗೆ ಬೇಕಾಗಬಹುದು?

ಕೆಲವರ ವಿಷಯದಲ್ಲಿ ಡಾಕ್ಟರು ಯೋಚಿಸಿ ಕೊಡಬಹುದು. ಬದಲಿಸಿದ ಕೀಲಿಗೆ ಹಿಂದೆ ಒಮ್ಮೆ ಸೋಂಕು ಆಗಿದ್ದವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಕ್ಯಾನ್ಸರ್‌ಗೆ ಕೀಮೋ ತಗೊಳ್ಳುತ್ತಿರುವವರು, ಕಿಡ್ನಿಯಂಥ ಅಂಗಾಂಗ ಕಸಿ ಆದವರು, ಸಂಧಿವಾತಕ್ಕೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಅಥವಾ ದಿನಾ ಸ್ಟಿರಾಯ್ಡ್ ತಗೊಳ್ಳುವವರು ಈ ಗುಂಪಿಗೆ ಬರುತ್ತಾರೆ.

ಇವರಲ್ಲೂ ಎಲ್ಲರಿಗೂ ಬೇಕೇ ಬೇಕು ಅಂತಿಲ್ಲ. ದಂತ ವೈದ್ಯರು ಮತ್ತು ಆಪರೇಷನ್ ಮಾಡಿದ ಮೂಳೆ ಡಾಕ್ಟರು ಫೋನಿನಲ್ಲಿ ಒಂದು ಮಾತಾಡಿ ನಿರ್ಧರಿಸಿದರೆ ಒಳ್ಳೆಯದು. ಸಕ್ಕರೆ ಜಾಸ್ತಿ ಇರುವವರು ಮೊದಲು ಸಕ್ಕರೆ ಇಳಿಸಿಕೊಂಡು, ಅರ್ಜೆಂಟ್ ಅಲ್ಲದ ಹಲ್ಲಿನ ಕೆಲಸವನ್ನು ಆಮೇಲೆ ಮಾಡಿಸುವುದು ಇನ್ನೂ ಒಳ್ಳೆಯ ದಾರಿ.

ಬೈಕ್ ಅಪಘಾತದಲ್ಲಿ ಮೂಳೆ ಮುರಿದು ರಾಡ್, ಪ್ಲೇಟ್, ಸ್ಕ್ರೂ ಹಾಕಿಸಿಕೊಂಡವರೂ ಈ ಪ್ರಶ್ನೆ ಕೇಳುತ್ತಾರೆ. ಅವರಿಗೆ ಹಲ್ಲಿನ ಚಿಕಿತ್ಸೆಗೆ ಮೊದಲು ಆ್ಯಂಟಿಬಯೋಟಿಕ್ ಬೇಡ ಅನ್ನುವುದು 1997ರಿಂದಲೂ ಇರುವ ಸಲಹೆ.

ಹೃದಯದ ವಾಲ್ವ್ ಬದಲಿಸಿದವರ ವಿಷಯ ಬೇರೆ: ಗೊಂದಲ ಬೇಡ

ಇಡೀ ವಿಷಯದಲ್ಲಿ ತಪ್ಪಿದರೆ ಜೀವಕ್ಕೆ ಕುತ್ತು ಬರುವ ಜಾಗ ಇದು. ಮಂಡಿಗೆ ಹೇಳಿದ ‘ಬೇಡ’ ಅನ್ನುವ ಮಾತನ್ನು ಹೃದಯದ ವಾಲ್ವಿಗೆ ಅನ್ವಯಿಸಬಾರದು.

ಹೃದಯದ ವಾಲ್ವ್ ಬದಲಿಸಿಕೊಂಡವರು, ಹಿಂದೆ ಹೃದಯದ ಒಳಪದರಕ್ಕೆ ಸೋಂಕು ಆಗಿದ್ದವರು ಮತ್ತು ಹುಟ್ಟಿನಿಂದಲೇ ಕೆಲವು ಬಗೆಯ ಹೃದಯದೋಷ ಇರುವವರು ಹಲ್ಲು ಕೀಳಿಸುವ ಮೊದಲು, ವಸಡಿನ ಚಿಕಿತ್ಸೆಗೆ ಮೊದಲು ಆ್ಯಂಟಿಬಯೋಟಿಕ್ ತಗೋಬೇಕು ಅನ್ನುವುದು ಹಾರ್ಟ್ ಅಸೋಸಿಯೇಷನ್‌ನ 2007ರ ಸಲಹೆ. 2021ರಲ್ಲೂ ಅದನ್ನೇ ಮತ್ತೆ ಹೇಳಿದೆ. ವಾಲ್ವಿಗೆ ಸೋಂಕು ಹತ್ತಿದರೆ ಪ್ರಾಣಾಪಾಯ, ಮತ್ತು ಆ ಸೋಂಕಿನಲ್ಲಿ ಬಾಯಿಯ ರೋಗಾಣುಗಳ ಪಾಲು ದೊಡ್ಡದು. ಚಿಕ್ಕಂದಿನ ವಾತಜ್ವರದಿಂದ ವಾಲ್ವ್ ಹಾಳಾಗಿರುವವರು ತಮ್ಮ ಹೃದಯ ತಜ್ಞರನ್ನು ಒಂದು ಮಾತು ಕೇಳಿಕೊಂಡೇ ಹಲ್ಲಿನ ಚಿಕಿತ್ಸೆಗೆ ಹೋಗಬೇಕು.

ಆದರೆ ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು, ಪೇಸ್‌ಮೇಕರ್ ಇರುವವರಿಗೆ ಅದೊಂದೇ ಕಾರಣಕ್ಕೆ ಹಲ್ಲಿನ ಚಿಕಿತ್ಸೆಗೆ ಆ್ಯಂಟಿಬಯೋಟಿಕ್ ಬೇಡ. ಅವರು ದಂತ ವೈದ್ಯರಿಗೆ ತಪ್ಪದೆ ಹೇಳಬೇಕಾದ್ದು ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿರೋದನ್ನು. ಆ ಮಾತ್ರೆಯನ್ನು ತಾವೇ ನಿಲ್ಲಿಸಬಾರದು.

ಒಂದೇ ಮನೆಯಲ್ಲಿ ಅಪ್ಪನಿಗೆ ವಾಲ್ವ್, ಅವ್ವನಿಗೆ ಮಂಡಿ ಆಗಿರಬಹುದು. ಅಪ್ಪನಿಗೆ ಬರೆದ ಮಾತ್ರೆ ಅವ್ವನಿಗೆ ಕೊಡೋದಲ್ಲ, ಅವ್ವನಿಗೆ ಬೇಡ ಅಂದ್ರು ಅಂತ ಅಪ್ಪನದು ಬಿಡೋದೂ ಅಲ್ಲ.

ಕೀವು, ಊತ ಇದ್ದರೆ?

ಹಲ್ಲಿನ ಬುಡದಲ್ಲಿ ಕೀವು ಕಟ್ಟಿ, ದವಡೆ ಊದಿ, ಜ್ವರ ಬಂದಿದ್ದರೆ ಅದು ಮುನ್ನೆಚ್ಚರಿಕೆಯ ಮಾತಲ್ಲ, ಆಗಲೇ ಇರುವ ಸೋಂಕಿನ ಚಿಕಿತ್ಸೆ. ಅದಕ್ಕೆ ಆ್ಯಂಟಿಬಯೋಟಿಕ್ ಬೇಕಾಗಬಹುದು. ಜೊತೆಗೆ ಕೀವು ತೆಗೆಯಬೇಕು, ಹಲ್ಲನ್ನು ಕೀಳಬೇಕು ಅಥವಾ ರೂಟ್ ಕೆನಾಲ್ ಮಾಡಬೇಕು.

‘ಮಂಡಿ ಆಪರೇಷನ್ ಆಗಿದೆ, ಹಲ್ಲಿಗೆ ಕೈ ಹಚ್ಚೋದು ಬೇಡ’ ಅಂತ ಕೊಳೆತ ಹಲ್ಲನ್ನು ತಿಂಗಳುಗಟ್ಟಲೆ ಹಾಗೇ ಇಟ್ಟುಕೊಂಡು, ನೋವು ಬಂದಾಗೆಲ್ಲ ಗುಳಿಗೆ ನುಂಗಿ ದಿನ ತಳ್ಳುವವರು ಇದ್ದಾರೆ. ಇದು ಉಲ್ಟಾ ಲೆಕ್ಕ. ಹಲ್ಲು ಕೀಳಿಸಿದರೆ ರೋಗಾಣು ರಕ್ತಕ್ಕೆ ಹೋಗೋದು ಒಂದು ಸಲ, ಸ್ವಲ್ಪ ಹೊತ್ತು. ಕೀವು ತುಂಬಿದ ಹಲ್ಲು ಬಾಯಲ್ಲಿ ಇದ್ದರೆ ಅಗಿದಾಗೆಲ್ಲ ಹೋಗಬಹುದು.

ಒಂದು ಗುಳಿಗೆಯಿಂದ ಏನಾಗುತ್ತೆ ಅನ್ನೋರಿಗೆ

ಆ್ಯಂಟಿಬಯೋಟಿಕ್‌ಗೂ ಅದರದೇ ತೊಂದರೆ ಇದೆ. ಅಮಾಕ್ಸಿಸಿಲಿನ್ ಪೆನ್ಸಿಲಿನ್ ಜಾತಿಯದು. ಕೆಲವರಿಗೆ ಮೈಮೇಲೆ ಗಂಧೆ ಏಳುತ್ತದೆ. ಅಪರೂಪಕ್ಕೆ ಉಸಿರು ಕಟ್ಟಿ, ಬಿಪಿ ಕುಸಿದು ಜೀವಕ್ಕೇ ಅಪಾಯ ಆಗುವುದೂ ಉಂಟು. ವಯಸ್ಸಾದವರಿಗೆ ಭೇದಿ ಹತ್ತಿದರೆ ಸುಧಾರಿಸಿಕೊಳ್ಳುವುದು ಕಷ್ಟ. ಪೆನ್ಸಿಲಿನ್ ಆಗದವರಿಗೆ ಹಿಂದೆ ಕೊಡುತ್ತಿದ್ದ ಕ್ಲಿಂಡಮೈಸಿನ್ ಅನ್ನು, ಕರುಳಿಗೆ ಗಂಭೀರ ಸೋಂಕು ತರಬಹುದು ಅನ್ನುವ ಕಾರಣಕ್ಕೆ, ಹಾರ್ಟ್ ಅಸೋಸಿಯೇಷನ್ 2021ರಲ್ಲಿ ಹಲ್ಲಿನ ಚಿಕಿತ್ಸೆಗೆ ಮುಂಚಿನ ಪಟ್ಟಿಯಿಂದಲೇ ಕೈಬಿಟ್ಟಿದೆ.

ಎರಡನೆಯದು, ಔಷಧಕ್ಕೆ ಬಗ್ಗದ ರೋಗಾಣು. ಬೇಡದ ಕಡೆ ಆ್ಯಂಟಿಬಯೋಟಿಕ್ ನುಂಗಿದಷ್ಟೂ ಅದಕ್ಕೆ ಹೆದರದ ರೋಗಾಣುಗಳು ಉಳಿದು ಬೆಳೆಯುತ್ತವೆ. 2019ರಲ್ಲಿ ಇಂಥ ರೋಗಾಣುಗಳಿಂದಲೇ ಜಗತ್ತಿನಲ್ಲಿ ಅಂದಾಜು 12.7 ಲಕ್ಷ ಜನ ಸತ್ತಿದ್ದಾರೆ ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕ ಹೇಳುತ್ತದೆ. ನಾಳೆ ಅದೇ ಮಂಡಿಗೆ ನಿಜವಾಗಿ ಸೋಂಕು ಬಂದಾಗ ಔಷಧ ಕೆಲಸ ಮಾಡಬೇಕು ಅಂದ್ರೆ ಇವತ್ತು ಸುಮ್ಮಸುಮ್ಮನೆ ನುಂಗಬಾರದು.

ಇನ್ನೊಂದು ತಿಳಿದಿರಲಿ. ಡಾಕ್ಟರು ಮುನ್ನೆಚ್ಚರಿಕೆಗೆ ಕೊಟ್ಟರೂ ಅದು ಸಾಮಾನ್ಯವಾಗಿ ಒಂದೇ ಡೋಸ್, ಚಿಕಿತ್ಸೆಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು. ಹಲ್ಲು ಕೀಳಿಸುವ ಮೊದಲೇ ದಿನಕ್ಕೆ ಮೂರರಂತೆ ಐದು ದಿನ ನುಂಗುವುದು ಮುನ್ನೆಚ್ಚರಿಕೆಯ ಕ್ರಮವೇ ಅಲ್ಲ.

ಮೆಡಿಕಲ್ ಶಾಪ್‌ನವರಿಗೆ

ಆ್ಯಂಟಿಬಯೋಟಿಕ್‌ಗಳು ಶೆಡ್ಯೂಲ್ ಎಚ್ ಅಥವಾ ಎಚ್1ರಲ್ಲಿ ಬರುವ ಔಷಧಗಳು, ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. ಅಮಾಕ್ಸಿಸಿಲಿನ್ ಶೆಡ್ಯೂಲ್ ಎಚ್‌ನಲ್ಲಿದೆ. ಸೆಫಿಕ್ಸಿಮ್‌ನಂಥವು ಎಚ್1ರಲ್ಲಿವೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ನಿಯಮದ ಪ್ರಕಾರ ಬರೆದ ಡಾಕ್ಟರು, ರೋಗಿ, ಔಷಧ ಮತ್ತು ಕೊಟ್ಟ ಪ್ರಮಾಣವನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು.

ಗ್ರಾಹಕರು ಗುರುತಿಸೋದು ಸುಲಭ. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ತಗೋಬಾರದ ಔಷಧ. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಈ ಕೆಂಪು ಗೆರೆ ಬಗ್ಗೆಯೇ ಜಾಗೃತಿ ಅಭಿಯಾನ ನಡೆಸಿತ್ತು.

ಕೌಂಟರ್‌ನಲ್ಲಿ ಯಾರಾದರೂ ಹಳೇ ಚೀಟಿ ತೋರಿಸಿ ಕೇಳಿದರೆ ‘ಈಗ ಇದು ಬೇಕಾ ಅಂತ ಹಲ್ಲಿನ ಡಾಕ್ಟರನ್ನ ಒಮ್ಮೆ ಕೇಳ್ಕೊಂಡು ಬರ್ರಿ’ ಅನ್ನುವ ಒಂದು ಮಾತು ಸಾಕು. ಒಂದು ಸ್ಟ್ರಿಪ್‌ನ ವ್ಯಾಪಾರ ಹೋಗಬಹುದು, ಗಿರಾಕಿಯ ನಂಬಿಕೆ ಉಳಿಯುತ್ತದೆ.

ಹಾಗಾದ್ರೆ ಏನು ಮಾಡಬೇಕು?

* ಮಂಡಿ ಆಪರೇಷನ್‌ಗೆ ದಿನ ಗೊತ್ತು ಮಾಡುವ ಮುನ್ನವೇ ದಂತ ವೈದ್ಯರಿಗೆ ತೋರಿಸಿ. ಕೊಳೆತ ಹಲ್ಲು, ಊದಿದ ವಸಡು ಇದ್ದರೆ ಮೊದಲು ಸರಿಮಾಡಿಸಿ.
* ಆಪರೇಷನ್ ಆದಮೇಲೆ ಕ್ಲೀನಿಂಗ್, ಸೆಟ್ ಕಟ್ಟಿಸುವುದು ಮುಂತಾದ ಅರ್ಜೆಂಟ್ ಇಲ್ಲದ ಕೆಲಸಕ್ಕೆ ಸುಮಾರು ಮೂರು ತಿಂಗಳು ಕಾಯಲು ಹಲವು ಸರ್ಜನ್‌ಗಳು ಹೇಳುತ್ತಾರೆ. ನಿಮ್ಮ ಸರ್ಜನ್ ಏನು ಹೇಳುತ್ತಾರೆ ಕೇಳಿಕೊಳ್ಳಿ. ತಡೆಯಲಾಗದ ನೋವು, ಕೀವು ಇದ್ದರೆ ಕಾಯಬೇಡಿ.
* ದಂತ ವೈದ್ಯರ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ: ಯಾವ ಕೀಲು, ಯಾವ ವರ್ಷ ಬದಲಿಸಿದ್ದು, ಆಮೇಲೆ ಸೋಂಕು ಆಗಿತ್ತಾ, ಸಕ್ಕರೆ ಎಷ್ಟಿದೆ, ಏನೇನು ಮಾತ್ರೆ ನಡೀತಿದೆ, ಯಾವ ಔಷಧ ಮೈಗೆ ಆಗಲ್ಲ. ಡಿಸ್ಚಾರ್ಜ್ ಚೀಟಿ ಜೊತೆಗಿದ್ದರೆ ಇನ್ನೂ ಒಳ್ಳೆಯದು.
* ದಿನಕ್ಕೆ ಎರಡು ಸಲ ಮೆತ್ತನೆ ಬ್ರಷ್, ಪೇಸ್ಟ್‌ನಿಂದ ಹಲ್ಲುಜ್ಜಿ. ಬೂದಿ, ಇಟ್ಟಂಗಿ ಪುಡಿ, ತಂಬಾಕಿನ ಪುಡಿ ಬೇಡ. ಎಲೆ ಅಡಿಕೆ ಜೊತೆ ತಂಬಾಕು, ಗುಟ್ಕಾ ಬಿಟ್ಟರೆ ವಸಡಿಗೂ ಒಳ್ಳೆಯದು, ಆಪರೇಷನ್ ಗಾಯ ಮಾಯುವುದಕ್ಕೂ ಒಳ್ಳೆಯದು.
* ಸೆಟ್ ಹಲ್ಲು ಇದ್ದರೆ ರಾತ್ರಿ ತೆಗೆದು ತೊಳೆದಿಡಿ. ಒತ್ತಿ ಹುಣ್ಣಾಗುತ್ತಿದ್ದರೆ ಸರಿಮಾಡಿಸಿ.

ಗುಳಿಗೆಗಿಂತ ಈ ಬ್ರಷ್‌ನ ಕೆಲಸವೇ ದೊಡ್ಡದು. ವಸಡು ಗಟ್ಟಿಯಾಗಿದ್ದರೆ ಅಗಿಯುವಾಗ, ಉಜ್ಜುವಾಗ ರಕ್ತಕ್ಕೆ ಸೇರುವ ರೋಗಾಣುವೂ ಕಡಿಮೆ.

ಈ ಲಕ್ಷಣ ಕಂಡರೆ ತಡ ಮಾಡಬೇಡಿ

ಬದಲಿಸಿದ ಕೀಲಿನಲ್ಲಿ ಇಲ್ಲದ ನೋವು ಹೊಸದಾಗಿ ಶುರುವಾಗುವುದು, ಊತ, ಕೆಂಪಾಗಿ ಬಿಸಿಯಾಗುವುದು, ಹಳೇ ಗಾಯದ ಜಾಗದಿಂದ ನೀರು ಅಥವಾ ಕೀವು ಬರುವುದು, ಚಳಿ ಜ್ವರ ಕಂಡರೆ ಆಪರೇಷನ್ ಮಾಡಿದ ಡಾಕ್ಟರನ್ನು ಕೂಡಲೇ ಕಾಣಿ. ಆಪರೇಷನ್ ಆಗಿ ಐದಾರು ವರ್ಷ ಆಗಿದ್ದರೂ ಅಷ್ಟೇ. ಹಲ್ಲು ಕೀಳಿಸಿರಲಿ, ಬಿಡಲಿ.

ಆಗ ಮಾಡಬಾರದ ಕೆಲಸ ಒಂದಿದೆ. ಊರಲ್ಲೇ ಎರಡು ದಿನ ಆ್ಯಂಟಿಬಯೋಟಿಕ್ ನುಂಗಿ ನೋಡೋಣ ಅಂತ ಕೂರಬೇಡಿ. ಕೀಲಿನಿಂದ ನೀರು ತೆಗೆದು ಯಾವ ರೋಗಾಣು ಇದೆ ಅಂತ ಲ್ಯಾಬಿನಲ್ಲಿ ಬೆಳೆಸಿ ನೋಡಿದಾಗಲೇ ಸರಿಯಾದ ಔಷಧ ಆರಿಸಲು ಆಗುವುದು. ಮೊದಲೇ ಮಾತ್ರೆ ನುಂಗಿದ್ದರೆ ಲ್ಯಾಬಿನಲ್ಲಿ ರೋಗಾಣು ಬೆಳೆಯದೇ ಹೋಗಬಹುದು. ಆಗ ರೋಗಾಣು ಮಂಡಿಯಲ್ಲಿ ಇರುತ್ತದೆ, ರಿಪೋರ್ಟಿನಲ್ಲಿ ಇರುವುದಿಲ್ಲ.

ಮನೆಯಲ್ಲಿ ಮಂಡಿ ಬದಲಿಸಿಕೊಂಡವರು ಇದ್ದು, ಹಲ್ಲಿನ ಡಾಕ್ಟರ ಹತ್ತಿರ ಹೋಗೋದು ಇದ್ದರೆ ಫೈಲ್ ತಗೊಂಡು ಹೋಗಿ, ‘ಸರ, ಇವರಿಗೆ ಮೊದ್ಲ ಆ್ಯಂಟಿಬಯೋಟಿಕ್ ಬೇಕಾಗ್ತೇತೇನ್ರಿ?’ ಅಂತ ಕೇಳಿ. ಬೇಡ ಅಂದರೆ ಡಾಕ್ಟರು ನಿರ್ಲಕ್ಷ್ಯ ಮಾಡಿದರು ಅಂದುಕೊಳ್ಳಬೇಡಿ. ಬೇಕು ಅಂದರೆ ಯಾಕೆ, ಎಷ್ಟು, ಯಾವಾಗ ಅಂತ ಕೇಳಿ ಚೀಟಿ ಬರೆಸಿಕೊಂಡೇ ಮೆಡಿಕಲ್ ಶಾಪ್‌ಗೆ ಹೋಗಿ.